ಬಹುಸರ್ವರ್ ಡೇಟಾಬೇಸ್ ನಿರ್ವಹಣೆ: ಕರ್ನಾಟಕದ ಭೂದಾಖಲೆಗಳು

ಕೋಷ್ಟಕಗಳಲ್ಲಿ ಜೋಡಿಸಿದ ಮಾಹಿತಿಯನ್ನು ಹಲವು ಸರ್ವರ್‌ಗಳಲ್ಲಿ ಇಟ್ಟು, ಎಲ್ಲಿ ಕೇಳಿದರೂ ಒಂದೇ ಉತ್ತರ ಸಿಗುವಂತೆ ಕಾಪಾಡುವ ಕೆಲಸವಿದು. ಇದಕ್ಕೆ ಆಧಾರವಾದ ಸಂಬಂಧಾತ್ಮಕ ಮಾದರಿಯನ್ನು ಐಬಿಎಂನ ಇ.ಎಫ್. ಕಾಡ್ 1970ರಲ್ಲಿ ಮಂಡಿಸಿದರು. ಕರ್ನಾಟಕದ ರೈತರ ಪಾಲಿಗೆ ಇದರ ದೊಡ್ಡ ಉದಾಹರಣೆ ಜಮೀನಿನ ಹಕ್ಕು, ಬೆಳೆಗಳ ದಾಖಲೆಯಾದ ಪಹಣಿ.

ಕಂದಾಯ ಇಲಾಖೆಯ ‘ಭೂಮಿ’ ಯೋಜನೆಯ ತಂತ್ರಾಂಶವನ್ನು ರಾಷ್ಟ್ರೀಯ ಮಾಹಿತಿ ಕೇಂದ್ರ ರೂಪಿಸಿತು. 2000ದ ಆಸುಪಾಸಿನಲ್ಲಿ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಆಗ ಒಂದು ಪಹಣಿಗೆ 15 ರೂಪಾಯಿ ಶುಲ್ಕ. ಮೊದಲಿಗೆ ಪ್ರತಿ ತಾಲ್ಲೂಕು ಕಚೇರಿಗೂ ಅದರದೇ ಸರ್ವರ್ ಇತ್ತು. ಬಿಳಿಗೆರೆಯ ತೆಂಗಿನ ತೋಟದ ದಾಖಲೆ ತಿಪಟೂರಿನಲ್ಲಿ, ಪಕ್ಕದ ಸೀಮೆಯದು ತುರುವೇಕೆರೆಯಲ್ಲೋ ಚಿಕ್ಕನಾಯಕನಹಳ್ಳಿಯಲ್ಲೋ ಇರುತ್ತಿತ್ತು. ಮುಂದೆ ಈ ದಾಖಲೆಗಳು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಬಂದ ಮೇಲೆ ನಾಡಕಚೇರಿಯಲ್ಲೂ ಪಹಣಿ ಸಿಗತೊಡಗಿತು.

ಹೀಗೆ ಒಟ್ಟುಗೂಡಿಸುವಾಗ ಕೈಹಿಡಿಯುವುದು ಕೋಷ್ಟಕದ ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಪ್ರಾಥಮಿಕ ಕೀಲಿ. ಸರ್ವೆ ನಂಬರ್ 45 ಎಂಬುದು ನೂರಾರು ಊರುಗಳಲ್ಲಿ ಇರುತ್ತದೆ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಸರ್ನಾಕ್, ಹಿಸ್ಸಾ ಎಲ್ಲ ಸೇರಿದರೆ ಮಾತ್ರ ಒಂದು ತುಂಡು ನೆಲದ ಗುರುತು ಖಚಿತವಾಗುತ್ತದೆ.

ಕಷ್ಟವಿರುವುದು ಬದಲಾವಣೆಯಲ್ಲಿ. ತೋಟ ಮಾರಾಟವಾದರೆ ಕ್ರಯಪತ್ರ ಉಪನೋಂದಣಿ ಕಚೇರಿಯ ‘ಕಾವೇರಿ’ ವ್ಯವಸ್ಥೆಯಲ್ಲಿ ದಾಖಲಾಗುತ್ತದೆ. ಖಾತೆ ಬದಲಾಗಬೇಕಾದದ್ದು, ಅಂದರೆ ಮ್ಯುಟೇಷನ್ ಆಗಬೇಕಾದದ್ದು, ‘ಭೂಮಿ’ಯಲ್ಲಿ. ಎರಡು ಡೇಟಾಬೇಸ್‌ಗಳು ಒಟ್ಟಿಗೇ ಬದಲಾಗಲಿ, ಇಲ್ಲವೇ ಎರಡೂ ಹಾಗೆಯೇ ಇರಲಿ ಎಂಬ ‘ಎರಡು ಹಂತದ ಕಮಿಟ್’ ವಿಧಾನ ಪಠ್ಯಪುಸ್ತಕಗಳಲ್ಲಿದೆ. ಇಲ್ಲಿ ಅದು ನಡೆಯದು. ಮ್ಯುಟೇಷನ್‌ಗೆ ನೋಟಿಸ್ ಕೊಡಬೇಕು, ತಕರಾರಿಗೆ ಅವಕಾಶವಿರಬೇಕು ಎಂದು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯೇ ಹೇಳುತ್ತದೆ. ಅಷ್ಟು ದಿನ ಎರಡು ಡೇಟಾಬೇಸ್‌ಗಳನ್ನು ಬೀಗ ಹಾಕಿ ಕೂರಿಸಲಾಗದು. ಆದ್ದರಿಂದ ಕಾವೇರಿಯಿಂದ ಭೂಮಿಗೆ ನೋಂದಣಿಯ ವಿವರವಿರುವ ಜೆ-ಸ್ಲಿಪ್ ಹೋಗುತ್ತದೆ. ಅಲ್ಲಿ ಮ್ಯುಟೇಷನ್ ಪ್ರಕ್ರಿಯೆ ಶುರುವಾಗುತ್ತದೆ. ನಡುವಿನ ಅವಧಿಯಲ್ಲಿ ಎರಡು ಕಚೇರಿಗಳ ಉತ್ತರ ಬೇರೆ ಬೇರೆ ಇರುವುದು ತಪ್ಪಲ್ಲ. ಆದರೆ ‘ವ್ಯವಹಾರ ಬಾಕಿಯಿದೆ’ ಎಂಬುದು ಕಾಣದಿದ್ದರೆ ಕೊಳ್ಳುವವನಿಗೂ ಸಾಲ ಕೊಡುವ ಬ್ಯಾಂಕಿಗೂ ಅನ್ಯಾಯ. ಜಿಲ್ಲೆಯೊಳಗಿನ ಯಾವುದೇ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸುವ ಅವಕಾಶ 2024ರಲ್ಲಿ ರಾಜ್ಯವಿಡೀ ಬಂದ ಮೇಲಂತೂ ಈ ಎಚ್ಚರ ಇನ್ನಷ್ಟು ಮುಖ್ಯ.

ಒಂದು ಸರ್ವರಿನ ಬದಲಾವಣೆಗಳನ್ನು ಇನ್ನೊಂದಕ್ಕೆ ಕೂಡಲೇ ಕಳುಹಿಸುವುದು ರೆಪ್ಲಿಕೇಷನ್. ಮುಖ್ಯ ಸರ್ವರ್ ಕೆಟ್ಟರೆ ಅದರ ಪ್ರತಿಯಿರುವ ಸರ್ವರ್ ಕೆಲಸ ವಹಿಸಿಕೊಳ್ಳುತ್ತದೆ. ಆದರೆ ಇದನ್ನೇ ಬ್ಯಾಕಪ್ ಎಂದುಕೊಳ್ಳುವುದು ಅಪಾಯಕಾರಿ ಭ್ರಮೆ. ಯಾರೋ ಒಂದು ಗ್ರಾಮದ ಸಾಲುಗಳನ್ನು ಅಳಿಸಿದರೆ ಆ ಅಳಿಸುವಿಕೆಯೂ ಕ್ಷಣದಲ್ಲಿ ಎಲ್ಲ ಪ್ರತಿಗಳಿಗೂ ಹರಡುತ್ತದೆ. ಅದಕ್ಕಾಗಿ ಬೇರೆಡೆ ಇಟ್ಟ ಬ್ಯಾಕಪ್ ಬೇಕು, ವ್ಯವಹಾರಗಳ ಲಾಗ್ ಬೇಕು. ತಪ್ಪಾಗುವ ಮೊದಲಿನ ಗಳಿಗೆಗೆ ಮರಳಲು ಇವೇ ದಾರಿ. ಮರುಸ್ಥಾಪಿಸಿ ಪರೀಕ್ಷಿಸದ ಬ್ಯಾಕಪ್ಪನ್ನು ನಂಬಬಾರದು.

ತಿದ್ದುವ ಅಧಿಕಾರದ ಹಂಚಿಕೆಯೂ ನಿರ್ವಹಣೆಯ ಭಾಗವೇ. ಭೂಮಿಯಲ್ಲಿ ಸಿಬ್ಬಂದಿ ಬೆರಳಚ್ಚು ಕೊಟ್ಟು ಲಾಗಿನ್ ಆಗುವ ಪದ್ಧತಿ ಆರಂಭದಲ್ಲೇ ಬಂತು. ಮೊದಲು ಬಂದ ಅರ್ಜಿಗೆ ಮೊದಲ ಸರದಿ ಎಂಬ ನಿಯಮವನ್ನೂ ತಂತ್ರಾಂಶದಲ್ಲೇ ಅಳವಡಿಸಿದರು. ಯಂತ್ರದ ವೇಗಕ್ಕಿಂತ ಇವೇ ರೈತರಿಗೆ ಹೆಚ್ಚು ಉಪಕಾರ ಮಾಡಿದವು.

ಇಂದು ಪಹಣಿಯ ವಿವರ ‘ಫ್ರೂಟ್ಸ್’ ರೈತ ನೋಂದಣಿಗೂ ಹೋಗುತ್ತದೆ; ಬೆಂಬಲ ಬೆಲೆಗೆ ಕೊಬ್ಬರಿ ಮಾರಲು ಆ ಗುರುತಿನ ಸಂಖ್ಯೆ ಬೇಕು. ಖಾತೆ ಇನ್ನೂ ತೀರಿಕೊಂಡ ಹಿರಿಯರ ಹೆಸರಿನಲ್ಲಿದ್ದರೆ ಎಲ್ಲ ಸರ್ವರ್‌ಗಳೂ ಅದೇ ಹಳೆಯ ಹೆಸರನ್ನು ಹೇಳುತ್ತವೆ. ಅಂಥ ಕುಟುಂಬಗಳು ಮರಣ ಪ್ರಮಾಣಪತ್ರ, ವಂಶವೃಕ್ಷದೊಂದಿಗೆ ಪೌತಿ ಖಾತೆಗೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಿಸಲು, ತಡಮಾಡದೆ ಅರ್ಜಿ ಕೊಡಬೇಕು.