ಹೆಣದ ಮನಿಯ ಚಾಕರಿ: ವತನದಿಂದ ಶವಾಗಾರದವರೆಗೆ

ಸರ್ಕಾರಿ ದವಾಖಾನೆಗೆ ಹೋದರೆ ಡಾಕ್ಟರರ ಹೆಸರು ಬೋರ್ಡಿನ ಮೇಲೆ ಕಾಣುತ್ತದೆ. ಹಿತ್ತಲ ಕಡೆ ಇರುವ ಶವಾಗಾರದಲ್ಲಿ ಕೆಲಸ ಮಾಡುವವರ ಹೆಸರು ಮಾತ್ರ ಎಲ್ಲಿಯೂ ಇರುವುದಿಲ್ಲ. ನಮ್ಮ ಜನ ಅದನ್ನು ‘ಹೆಣದ ಮನಿ’ ಅಂತಾರೆ. ದೇಶದ ಬಹಳಷ್ಟು ಕಡೆ ಅಲ್ಲಿ ದುಡಿಯುವವರು ದಲಿತರೇ. ಇದು ಹೆಂಗಾತು? ತಾನಾಗಿಯೇ ಆದದ್ದಲ್ಲ, ಇದರ ಹಿಂದೆ ಉದ್ದನೆಯ ಇತಿಹಾಸ ಇದೆ. ಸಂಘದ ವಾರ್ಷಿಕೋತ್ಸವದ ಈ ಸಂಚಿಕೆಯಲ್ಲಿ ಅದನ್ನು ನಮ್ಮ ತಮ್ಮ-ತಂಗಿಯರ ಮುಂದೆ ಇಡಬೇಕು ಅನ್ನಿಸಿತು.

ಮನುಸ್ಮೃತಿಯ ಹತ್ತನೇ ಅಧ್ಯಾಯದಲ್ಲಿ ಒಂದು ಕಟ್ಟಳೆ ಇದೆ. ಚಾಂಡಾಲರು ಸತ್ತವರ ಬಟ್ಟೆ ಉಡಬೇಕು, ಬಂಧುಗಳಿಲ್ಲದವರ ಹೆಣವನ್ನು ಅವರೇ ಸಾಗಿಸಬೇಕು. ಅಂದರೆ ಬೇವಾರಸಿ ಹೆಣ ಯಾರ ಪಾಲಿಗೆ ಅಂತ ಅವತ್ತೇ ಬರೆದಿಟ್ಟಿದ್ದರು. ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಈ ಗ್ರಂಥವನ್ನು ಸುಟ್ಟದ್ದು ಸುಮ್ಮನೆ ಸಿಟ್ಟಿನಿಂದ ಅಲ್ಲ. ಗ್ರಂಥದಲ್ಲಿ ಇದ್ದದ್ದು ಹಳ್ಳಿಹಳ್ಳಿಯಲ್ಲಿ ನಡೆಯುತ್ತಿತ್ತು.

ನಮ್ಮ ಸೊಲ್ಲಾಪುರ, ಅಕ್ಕಲಕೋಟ, ಜತ್ತ ಸೀಮೆಯಲ್ಲಿ ಅದಕ್ಕೆ ವತನ ಅಂತ ಹೆಸರು. ಊರಾಗ ಯಾರಾದರೂ ತೀರಿಕೊಂಡರೆ ಪರಊರಿನ ಬೀಗರಿಗೆ ಸುದ್ದಿ ಮುಟ್ಟಿಸೋದು ನಮ್ಮ ಹಿರ್ಯಾರ ಕೆಲಸ. ಬಿಸಿಲಿರಲಿ, ಮಳೆ ಇರಲಿ, ನಡೆದೇ ಹೋಗಬೇಕು. ಸುಡುವವರಿಗೆ ಕಟ್ಟಿಗೆ ಹೊರುವುದು, ಹೂಳುವವರಿಗೆ ಕುಣಿ ತೋಡುವುದು, ಹಲಗಿ ಬಾರಿಸುವುದು, ಸತ್ತ ದನ ಎಳೆಯುವುದು ಎಲ್ಲಾ ನಮ್ಮ ಕೇರಿಗಳ ಪಾಲಿಗೆ. ಇದಕ್ಕೆ ಸಿಗುತ್ತಿದ್ದದ್ದು ಕಣದಲ್ಲಿ ಒಂದಿಷ್ಟು ಜೋಳ, ಮನಿಮನಿ ತಿರುಗಿ ತಂದ ರೊಟ್ಟಿ, ಹೆಣದ ಮೇಲಿನ ಬಟ್ಟೆ. ಬೀದರದ ಅರಸ ಮಹಾರರಿಗೆ 52 ಹಕ್ಕು ಕೊಟ್ಟಿದ್ದ ಅಂತ ಒಂದು ಕಥೆ ನಡೆದುಬಂದಿದೆ. ಬಾಬಾಸಾಹೇಬರು ಇದನ್ನು ತಮ್ಮ ಬರಹದಲ್ಲಿ ಹೇಳಿದ್ದಾರೆ. ಸತ್ತ ದನ ಒಯ್ಯುವುದೂ ಆ ‘ಹಕ್ಕು’ಗಳಲ್ಲಿ ಒಂದು. ಹೆಸರಿಗೆ ಹಕ್ಕು, ಬ್ಯಾಡ ಅನ್ನುವ ಹಕ್ಕು ಮಾತ್ರ ಇರಲಿಲ್ಲ.

ಬ್ರಿಟಿಷರು ಈ ವತನವನ್ನು ತೆಗೆಯಲಿಲ್ಲ, 1874ರ ಕಾಯ್ದೆಯಿಂದ ಅದನ್ನು ಮತ್ತಷ್ಟು ಗಟ್ಟಿ ಮಾಡಿದರು. 1928ರಲ್ಲಿ ಬಾಬಾಸಾಹೇಬರು ಮುಂಬಯಿ ಶಾಸನಸಭೆಯಲ್ಲಿ ಆ ಕಾಯ್ದೆಗೆ ತಿದ್ದುಪಡಿ ಮಸೂದೆ ತಂದರು. ಅದು ಪಾಸಾಗಲಿಲ್ಲ. 1939ರಲ್ಲಿ ಹರೇಗಾಂವದಲ್ಲಿ ವತನದಾರರ ಪರಿಷತ್ತು ಸೇರಿಸಿ ಮತ್ತೆ ದನಿ ಎತ್ತಿದರು. ಕೊನೆಗೆ ಕೆಳದರ್ಜೆಯ ಗ್ರಾಮ ವತನಗಳನ್ನು ರದ್ದು ಮಾಡುವ ಕಾಯ್ದೆ ಬಂದದ್ದು 1958ರಲ್ಲಿ. ಅಷ್ಟೊತ್ತಿಗೆ ಬಾಬಾಸಾಹೇಬರು ನಮ್ಮ ನಡುವೆ ಇರಲಿಲ್ಲ.

ವತನ ಹೋಯಿತು. ಆದರೆ ಹೆಣದ ಕೆಲಸ ಅದಕ್ಕೂ ಮೊದಲೇ ಹಳ್ಳಿಯಿಂದ ದವಾಖಾನೆಗೆ ಬಂದಿತ್ತು. 1835ರಲ್ಲಿ ಕಲ್ಕತ್ತಾ ಮೆಡಿಕಲ್ ಕಾಲೇಜು ಶುರುವಾಯಿತು. ಮರುವರ್ಷ ಮಧುಸೂದನ್ ಗುಪ್ತ ಅವರು ಅಲ್ಲಿ ಹೆಣ ಕೊಯ್ದರು. ಮೇಲುಜಾತಿಯ ಒಬ್ಬ ವೈದ್ಯ ಹೆಣ ಮುಟ್ಟಿದ್ದನ್ನು ದೊಡ್ಡ ಕ್ರಾಂತಿ ಅಂತ ಇವತ್ತಿಗೂ ಬರೆಯುತ್ತಾರೆ. ಅದು ಧೈರ್ಯದ ಕೆಲಸವೇ, ಇಲ್ಲ ಅನ್ನೋದಿಲ್ಲ. ಆದರೆ ದಿನಾ ಹೆಣ ಮುಟ್ಟುತ್ತಿದ್ದ ಡೋಮ್ ಜಾತಿಯವರ ಒಬ್ಬರ ಹೆಸರಾದರೂ ನಮಗೆ ಗೊತ್ತೇನು? ಬಂಗಾಳದ ದವಾಖಾನೆಗಳಲ್ಲಿ ಶವಾಗಾರದ ನೌಕರನನ್ನು ಈಗಲೂ ‘ಡೋಮ್’ ಅಂತಲೇ ಕರೆಯುತ್ತಾರೆ. ಜಾತಿಯ ಹೆಸರೇ ಹುದ್ದೆಯ ಹೆಸರಾಯಿತು. 2021ರಲ್ಲಿ ಕಲ್ಕತ್ತೆಯ ನೀಲ್ ರತನ್ ಸರ್ಕಾರ್ ಮೆಡಿಕಲ್ ಕಾಲೇಜಿನಲ್ಲಿ ಇಂಥ 6 ಹುದ್ದೆಗೆ ಅರ್ಜಿ ಕರೆದಾಗ ಸುಮಾರು 8,000 ಅರ್ಜಿ ಬಂದವು. ಇಂಜಿನಿಯರಿಂಗ್ ಓದಿದವರೂ ಹಾಕಿದ್ದರು. ಸರ್ಕಾರಿ ಪಗಾರ ಅಂದಕೂಡಲೇ ಮೈಲಿಗೆ ಎಲ್ಲಿ ಹೋಯಿತು ನೋಡ್ರಿ!

ಈ ಕೆಲಸ ಏನು ಅಂತ ಬಹಳ ಜನಕ್ಕೆ ಗೊತ್ತಿಲ್ಲ. ಪೊಲೀಸರ ಪಂಚನಾಮೆ ಆದ ಮೇಲೆ ಹೆಣ ಶವಾಗಾರಕ್ಕೆ ಬರುತ್ತದೆ. ಗುರುತಿನ ಚೀಟಿ ಕಟ್ಟಬೇಕು, ರಿಜಿಸ್ಟರ್‌ಗೆ ಹಚ್ಚಬೇಕು, ಸುಮಾರು 4 ಡಿಗ್ರಿ ತಂಪಿನ ಪೆಟ್ಟಿಗೆಯಲ್ಲಿ ಇಡಬೇಕು. ಕಾಯ್ದೆ ಪ್ರಕಾರ ಪೋಸ್ಟ್ ಮಾರ್ಟಂ ಮಾಡುವವರು ಡಾಕ್ಟರರು. ಆದರೆ ಬಹಳಷ್ಟು ದವಾಖಾನೆಗಳಲ್ಲಿ ಎದೆ-ಹೊಟ್ಟೆ ಸೀಳುವುದು, ತಲೆಬುರುಡೆ ತೆಗೆಯುವುದು ಈ ನೌಕರನ ಕೈಯಿಂದಲೇ ಆಗುತ್ತದೆ. ವಿಷದ ಅನುಮಾನ ಇದ್ದರೆ ಕರುಳು, ಯಕೃತ್ತಿನ ತುಂಡುಗಳನ್ನು ಬಾಟಲಿಗೆ ಹಾಕಿ ಲ್ಯಾಬಿಗೆ ಕಳಿಸುತ್ತಾರೆ. ಆಮೇಲೆ ಹೊಲಿಗೆ. ಆಕ್ಸಿಡೆಂಟ್‌ನಲ್ಲಿ ಜಜ್ಜಿಹೋದ ಮಗನ ಮುಖವನ್ನು ತಾಯಿ ಒಂದು ಸಲವಾದರೂ ನೋಡುವ ಹಾಗೆ ಹೊಲಿದು, ತೊಳೆದು, ಬಟ್ಟೆ ಸುತ್ತಿ ಕೊಡುವವನು ಇವನೇ. ಹೊರಗೆ ಅಳುತ್ತಾ ಕೂತವರಿಗೆ ‘ಇನ್ನೊಂದು ತಾಸು ಕೂಡ್ರಿ, ಎಲ್ಲಾ ಸರಿ ಮಾಡಿ ಕೊಡ್ತೀನಿ’ ಅಂತ ಸಮಾಧಾನ ಹೇಳುವವನೂ ಇವನೇ. ಇದು ಕಲಿತು ಮಾಡುವ ಕಸುಬು. ಇಂಥವರಿಗೆ ಕ್ಷಯ, ಕಾಮಾಲೆ ಅಂಟುವ ಅಪಾಯ ಇದೆ. ವಾಸನೆ ತಡೆಯಲಾರದೆ ಕುಡಿತಕ್ಕೆ ಬಿದ್ದವರನ್ನು ಜನ ಕುಡುಕರು ಅಂತ ಬೈಯುತ್ತಾರೆ, ಕಾರಣ ಕೇಳುವುದಿಲ್ಲ.

2020ರಲ್ಲಿ ಕೊರೊನಾ ಬಂದಾಗ ಸ್ವಂತ ಮಕ್ಕಳೇ ಹೆಣದ ಹತ್ತಿರ ಹೋಗಲು ಹೆದರಿದ ದಿನಗಳನ್ನು ನಾವೆಲ್ಲಾ ಕಂಡಿದ್ದೇವೆ. ಆಗ ಹೆಣಗಳನ್ನು ಚೀಲಕ್ಕೆ ಹಾಕಿ ಗಾಡಿಗೆ ಏರಿಸಿದವರು ಇವರೇ. ಮರುವರ್ಷ ನವೆಂಬರಿನಲ್ಲಿ ಕೇಂದ್ರ ಸರ್ಕಾರ, ಸೌಲಭ್ಯ ಇರುವ ದವಾಖಾನೆಗಳಲ್ಲಿ ಸೂರ್ಯ ಮುಳುಗಿದ ಮೇಲೂ ಪೋಸ್ಟ್ ಮಾರ್ಟಂ ಮಾಡಬಹುದು ಎಂದಿತು. ಸತ್ತವರ ಮನೆಯವರಿಗೆ ಇದು ಒಳ್ಳೆಯದೇ. ಆದರೆ ರಾತ್ರಿ ಪಾಳಿಗೆ ಹೆಚ್ಚಿನ ಕೈಗಳನ್ನೂ ಕೊಡಬೇಕಲ್ಲ?

ನಮ್ಮ ಮಹಾರಾಷ್ಟ್ರದಲ್ಲಿ ಲಾಡ್ ಸಮಿತಿಯ ಶಿಫಾರಸಿನಂತೆ ಸಫಾಯಿ ಕಾಮಗಾರರ ವಾರಸುದಾರರಿಗೆ ನೌಕರಿ ಸಿಗುತ್ತದೆ. ಎಷ್ಟೋ ಮನೆಗಳ ಒಲೆ ಇದರಿಂದ ಉರಿದಿದೆ. ಅದನ್ನು ಕಿತ್ತುಕೊಳ್ಳಿ ಅಂತ ನಾನು ಹೇಳುವುದಿಲ್ಲ. ಆದರೆ ಅಪ್ಪನ ಕಸಬರಿಗೆ ಮಗನ ಕೈಗೇ ಬರುವುದಾದರೆ ಅದು ಪಗಾರ ಇರುವ ವತನ ಆಗುವ ಅಪಾಯ ಇದೆ. ಶವಾಗಾರದ ಕೆಲಸಕ್ಕೂ ಇದೇ ಮಾತು. ಸತ್ತವರ ಸೇವೆ ಕೀಳಲ್ಲ, ಅದನ್ನು ಒಂದೇ ಕೇರಿಗೆ ಕಟ್ಟಿಹಾಕಿದ್ದು ಕೀಳು. ಆ ಕೆಲಸಕ್ಕೆ ತರಬೇತಿ, ಸರ್ಟಿಫಿಕೇಟು, ಕಾಯಂ ಪಗಾರ, ಲಸಿಕೆ, ಗ್ಲೌಸು, ಬಿಸಿನೀರು ಕೊಡಲಿ. ಎಲ್ಲಾ ಜಾತಿಯವರೂ ಕಲಿತು ಮಾಡಲಿ. ನಮ್ಮ ಹುಡುಗರು ಇಷ್ಟಪಟ್ಟರೆ ಆ ಕೆಲಸಕ್ಕೆ ಹೋಗಲಿ, ಇಲ್ಲದಿದ್ದರೆ ಅದೇ ಶವಾಗಾರಕ್ಕೆ ಡಾಕ್ಟರಾಗಿ ಹೋಗಲಿ. ನಮ್ಮ ಸಂಘ ಈ ಬೇಡಿಕೆಯನ್ನು ಮುಂದಿನ ವರ್ಷದ ಕಾರ್ಯಕ್ರಮದಲ್ಲಿ ಎತ್ತಿಕೊಳ್ಳಬೇಕು ಎಂದು ಹಿರಿಯರಲ್ಲಿ ವಿನಂತಿ.

ಜೈ ಭೀಮ್.