ಕೊಡೆ ಬಿಚ್ಚದ ದಂಡು: 1961ರ ಡಿಸೆಂಬರ್ 18ರ ಮೊದಲ ತಾಸುಗಳು

ಅಣ್ಣಿಗೇರಿಯಿಂದ ಸಮುದ್ರ ಕಾಣುವುದಿಲ್ಲ. ಆದರೆ ಅಣ್ಣಿಗೇರಿಯ ಅರಳೆ ಸಮುದ್ರ ಕಂಡಿತ್ತು. 1880ರ ದಶಕದ ಕೊನೆಗೆ ಸದರ್ನ್ ಮರಾಠಾ ರೈಲಿನ ಹಳಿ ಲೋಂಡಾ, ಕ್ಯಾಸಲ್‌ರಾಕ್ ದಾಟಿ ಪೋರ್ಚುಗೀಸರ ಹಳಿಗೆ ಕೂಡಿಕೊಂಡ ಮೇಲೆ, ಗದಗ, ಅಣ್ಣಿಗೇರಿ, ಹುಬ್ಬಳ್ಳಿ ಕಡೆಯ ಅರಳೆ ಅಂಡಿಗೆಗಳು ಮರ್ಮಗೋವಾ ಬಂದರಿಗೆ ಇಳಿಯತೊಡಗಿದವು. ಅದಕ್ಕೂ ಮೊದಲು ನವಲಗುಂದ ಸೀಮೆಯ ಎರೆಹೊಲದ ಹತ್ತಿ ಚಕ್ಕಡಿ ಏರಿ ಕಲಘಟಗಿ, ಯಲ್ಲಾಪುರದ ಘಟ್ಟ ಇಳಿದು ಕುಮಟಾ, ಕಾರವಾರ ಸೇರಬೇಕಿತ್ತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ತೆಗೆದು ಮುಂಬಯಿ ಇಲಾಖೆಗೆ ಸೇರಿಸಿದ್ದರ ಹಿಂದೆ ಈ ಹತ್ತಿಯ ಲೆಕ್ಕಾಚಾರವಿತ್ತು. ಅಂದರೆ ಧಾರವಾಡ ಜಿಲ್ಲೆಯ ಬಯಲಿಗೆ ಸಮುದ್ರದ ಬಾಗಿಲು ಎರಡು: ಒಂದು ಕಾರವಾರದ ಕಡೆ, ಇನ್ನೊಂದು ಗೋವಾದ ಕಡೆ. 1955ರ ಆಗಸ್ಟ್ 15ರಂದು ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದ ಬಳಿಕ ಎರಡನೆಯ ಬಾಗಿಲು ಮುಚ್ಚಿತು, ರೈಲು ನಿಂತಿತು. ನವಲಗುಂದದ ಮಗ್ಗುಲಿನ ನರಗುಂದದವರಾದ ಜಗನ್ನಾಥರಾವ್ ಜೋಶಿ ಆ ವರ್ಷ ಸತ್ಯಾಗ್ರಹಿಗಳ ತಂಡ ಕಟ್ಟಿಕೊಂಡು ಹೋಗಿ ಗೋವಾದಲ್ಲಿ ಸೆರೆಯಾದರು.

ಆರು ವರ್ಷಗಳ ನಂತರ ಈ ಎರಡೂ ಬಾಗಿಲುಗಳ ಎದುರು ಒಂದೇ ದಿನ ತೋಪು ಹಾರಿದವು. ಇಲ್ಲಿ ನೋಡಹೊರಟಿರುವುದು 1961ರ ಡಿಸೆಂಬರ್ 18, ಸೋಮವಾರದ ಮೊದಲ ಕೆಲವು ತಾಸುಗಳನ್ನು ಮಾತ್ರ. ಗೋವಾವನ್ನು ಪೋರ್ಚುಗೀಸರಿಂದ ಬಿಡಿಸಿದ ‘ಆಪರೇಷನ್ ವಿಜಯ’ವನ್ನು ಭೂಸೇನೆ, ನೌಕಾಪಡೆ, ವಾಯುಪಡೆಗಳು ಒಟ್ಟಾಗಿ ನಡೆಸಿದ ಕಾರ್ಯಾಚರಣೆ ಎಂದು ಶಾಲೆಯ ಪುಸ್ತಕದಲ್ಲಿ ಓದುತ್ತೇವೆ. ‘ಮೂವತ್ತಾರು ತಾಸಿನಲ್ಲಿ ಮುಗಿಯಿತು’ ಎನ್ನುವ ಮಾತೂ ರೂಢಿಯಲ್ಲಿದೆ. ಎರಡೂ ಸುಳ್ಳಲ್ಲ. ಆದರೆ ತಾಸು ತಾಸಿನ ಲೆಕ್ಕ ಹಿಡಿದು ನೋಡಿದರೆ ಒಟ್ಟಾಗಿದ್ದದ್ದು ಯೋಜನೆಯ ಕಾಗದದಲ್ಲಿ. ಆ ಬೆಳಿಗ್ಗೆ ಆಕಾಶ, ನೀರು, ನೆಲ ಮೂರರಲ್ಲೂ ಬೇರೆ ಬೇರೆ ಕಾಳಗಗಳು ನಡೆದವು. ಯೋಜನೆಯಲ್ಲಿ ಹಿರಿದಾಗಿದ್ದದ್ದು ಹಿಂದೆ ಬಿತ್ತು, ಕಿರಿದಾಗಿದ್ದದ್ದು ಮುಂದೆ ಓಡಿತು. ಎಲ್ಲಕ್ಕಿಂತ ಸಣ್ಣ ಜಾಗವೊಂದು ಎಲ್ಲಕ್ಕಿಂತ ದುಬಾರಿಯಾಯಿತು.

ನೆವ ಹುಟ್ಟಿದ್ದೂ ಆ ಸಣ್ಣ ಜಾಗದಲ್ಲೇ. ಕಾರವಾರದ ಬಿಣಗಾ ಕೊಲ್ಲಿಯ ಎದುರಿಗಿರುವ ಅಂಜದೀವ ನಡುಗಡ್ಡೆ ಆಗ ಪೋರ್ಚುಗೀಸರ ಕೈಯಲ್ಲಿತ್ತು. ನವೆಂಬರ್ 17ರಂದು ಅದರ ಹತ್ತಿರ ಹಾದುಹೋಗುತ್ತಿದ್ದ ‘ಸಾಬರಮತಿ’ ಎಂಬ ಪ್ರಯಾಣಿಕರ ಹಡಗಿನ ಮೇಲೆ ದ್ವೀಪದಿಂದ ಗುಂಡು ಬಂತು. ಮುಂದಿನ ವಾರ ಮೀನು ಹಿಡಿಯಲು ಹೋದವನೊಬ್ಬ ಸತ್ತ. ಡಿಸೆಂಬರ್ ಮೊದಲ ವಾರದಿಂದ ಬೆಳಗಾವಿಯಲ್ಲಿ ದಂಡು ಕೂಡತೊಡಗಿತು. ಆಗ ಪುಣೆಯಿಂದ ಈಚೆಗೆಲ್ಲ ಮೀಟರ್ ಗೇಜ್. ಉತ್ತರದಿಂದ ಬಂದ ಸೈನ್ಯ, ಸರಂಜಾಮು ಪುಣೆಯಲ್ಲಿ ದೊಡ್ಡ ಹಳಿ ಬಿಟ್ಟು ಸಣ್ಣ ಹಳಿ ಹತ್ತಬೇಕು. ದಕ್ಷಿಣ ವಿಭಾಗದ ಮುಖ್ಯಸ್ಥ ಲೆಫ್ಟಿನೆಂಟ್ ಜನರಲ್ ಜೆ.ಎನ್. ಚೌಧುರಿ ಒಟ್ಟು ಹೊಣೆ ಹೊತ್ತಿದ್ದರು. ಮೇಜರ್ ಜನರಲ್ ಕೆ.ಪಿ. ಕ್ಯಾಂಡೆತ್ ಅವರ 17ನೇ ಇನ್‌ಫೆಂಟ್ರಿ ಡಿವಿಷನ್, ಬ್ರಿಗೇಡಿಯರ್ ಸಗತ್ ಸಿಂಗ್ ಅವರ 50ನೇ ಪ್ಯಾರಾ ಬ್ರಿಗೇಡ್ ನೆಲದ ಮೇಲೆ. ಏರ್ ವೈಸ್ ಮಾರ್ಷಲ್ ಎರ್ಲಿಕ್ ಪಿಂಟೊ ಆಕಾಶಕ್ಕೆ. ರಿಯರ್ ಅಡ್ಮಿರಲ್ ಬಿ.ಎಸ್. ಸೋಮನ್ ನೀರಿಗೆ. ದಾಳಿಯ ದಿನ ಎರಡು ಸಲ ಮುಂದೆ ಹೋಗಿ ಕೊನೆಗೆ 18ಕ್ಕೆ ನಿಂತಿತು. ಆ ಕಡೆ ಲಿಸ್ಬನ್ನಿನಿಂದ ಪೋರ್ಚುಗಲ್ಲಿನ ಪ್ರಧಾನಿ ಸಾಲಜಾರ್ 14ರಂದೇ ತಂತಿ ಕಳಿಸಿದ್ದ: ಶರಣಾಗತಿ ಕೂಡದು, ಗೆಲ್ಲಬೇಕು ಇಲ್ಲವೇ ಸಾಯಬೇಕು. ಅಷ್ಟು ಹೇಳಿ ಕಳಿಸಿದ ದೊರೆಯ ಬಳಿ ಗೋವಾಕ್ಕೆ ಕೊಡಲು ಒಂದು ಯುದ್ಧವಿಮಾನವೂ ಇರಲಿಲ್ಲ.

ಈಗ ಪ್ಯಾರಾ ಬ್ರಿಗೇಡಿನ ವಿಷಯ. ಪ್ಯಾರಾ ಎಂದರೆ ವಿಮಾನದಿಂದ ಕೊಡೆ ಬಿಚ್ಚಿ ಧುಮುಕುವ ಪಡೆ. 1944ರ ಜೂನ್ 6ರಂದು ನಾರ್ಮಂಡಿಯಲ್ಲಿ ಹಡಗುಗಳು ದಡ ಮುಟ್ಟುವ ಎಷ್ಟೋ ತಾಸು ಮೊದಲೇ, ನಡುರಾತ್ರಿ ಹನ್ನೆರಡು ಗಂಟೆ ಹದಿನಾರು ನಿಮಿಷಕ್ಕೆ, ಗ್ಲೈಡರುಗಳಲ್ಲಿ ಇಳಿದ ಬ್ರಿಟಿಷ್ ಸೈನಿಕರು ಕಾನ್ ಕಾಲುವೆಯ ಸೇತುವೆಯನ್ನು ಇಡಿಯಾಗಿ ಹಿಡಿದುಕೊಂಡಿದ್ದರು. ಆಕಾಶದಿಂದ ಬರುವ ದಂಡಿನ ಮುಖ್ಯ ಕೆಲಸವೇ ಅದು: ವೈರಿ ಸೇತುವೆ ಹಾರಿಸುವ ಮೊದಲು ಸೇತುವೆ ಹಿಡಿಯುವುದು. ಗೋವಾದಲ್ಲಿ ಹಾಗಾಗಲಿಲ್ಲ. 50ನೇ ಪ್ಯಾರಾ ಬ್ರಿಗೇಡ್ ಉತ್ತರದ ಗಡಿಯಿಂದ ನೆಲದ ಮೇಲೇ ಹೊರಟಿತು, ಮೂರು ಸಾಲಾಗಿ. ಪೂರ್ವದ ಸಾಲು ಉಸಗಾಂವದ ಮೇಲೆ ಫೋಂಡಾಕ್ಕೆ, ನಡುವಿನದು ಬಾಣಸ್ತಾರಿಯ ಮೇಲೆ ಪಣಜಿಗೆ, ಪಶ್ಚಿಮದ್ದು ದೋಡಾಮಾರ್ಗದಿಂದ ಥಿವಿಯ ಕಡೆಗೆ. ಪಶ್ಚಿಮದ ಸಾಲಿನಲ್ಲಿ 2ನೇ ಸಿಖ್ ಲೈಟ್ ಇನ್‌ಫೆಂಟ್ರಿ, ಅದರ ಮುಂದೆ 7ನೇ ಕ್ಯಾವಲ್ರಿಯ ಟ್ಯಾಂಕುಗಳು. ಬೆಳಿಗ್ಗೆ ಆರೂವರೆಗೆ ಅದು ಗಡಿ ದಾಟಿತು.

ಯೋಜನೆಯ ಪ್ರಕಾರ ಈ ಬ್ರಿಗೇಡ್ ನೆರವಿನ ಪಡೆ ಮಾತ್ರ. ಮುಖ್ಯ ಹೊಡೆತ ಪೂರ್ವದಿಂದ, ನಮ್ಮ ಕಡೆಯ ಅನಮೋಡ ಘಟ್ಟದಿಂದ ಬರಬೇಕಿತ್ತು. ಧಾರವಾಡದಿಂದ ಅಳ್ನಾವರ, ಲೋಂಡಾ ದಾಟಿ ಗೋವಾಕ್ಕೆ ಹೋದವರಿಗೆ ಆ ಘಟ್ಟ ಗೊತ್ತು. ಮೇಲೆ ಒಣ ಗಾಳಿ, ನಾಲ್ಕು ತಿರುವು ಇಳಿದರೆ ಬೆವರು. ಅಲ್ಲಿಂದ 63ನೇ ಬ್ರಿಗೇಡ್ ಇಳಿಯಿತು. ಬಲಕ್ಕೆ 2ನೇ ಬಿಹಾರ, ಎಡಕ್ಕೆ 3ನೇ ಸಿಖ್. ಎರಡೂ ಮೋಲೆಯಲ್ಲಿ ಕೂಡಿಕೊಂಡು, ಮತ್ತೆ ಬೇರೆ ಬೇರೆ ದಾರಿಯಿಂದ ಫೋಂಡಾದತ್ತ ನಡೆದವು. ಎದುರಿಗೆ ನಿಂತು ಹೊಡೆದಾಡುವವರು ಯಾರೂ ಸಿಗಲಿಲ್ಲ. ಸಿಕ್ಕಿದ್ದು ಮುರಿದ ಸೇತುವೆಗಳು. ಪೋರ್ಚುಗೀಸರ ರಕ್ಷಣಾ ಯೋಜನೆಯ ಜೀವಾಳವೇ ಅದು. ಹೊಡೆದಾಡುತ್ತ ಹಿಂದೆ ಸರಿಯುವುದು, ಸರಿಯುತ್ತ ಸೇತುವೆ ಹಾರಿಸುವುದು. ಹೊಡೆದಾಟ ಹೆಚ್ಚು ನಡೆಯಲಿಲ್ಲ, ಹಾರಿಸುವ ಕೆಲಸ ಮಾತ್ರ ಚೊಕ್ಕಟವಾಗಿ ನಡೆಯಿತು. ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವ ಮೂಲತಃ ಸೈನ್ಯದ ಇಂಜಿನಿಯರು ಎಂಬುದನ್ನು ಇಲ್ಲಿ ನೆನೆಯಬೇಕು. ಕತ್ತಲಾಗುವ ಹೊತ್ತಿಗೆ ಬಿಹಾರದವರು ಖಾಂಡೇಪಾರದಲ್ಲಿ, ಸಿಖ್ಖರು ಧಾರಬಾಂದೋಡದಲ್ಲಿ ನಿಂತಿದ್ದರು, ಮುಂದೆ ಹೊಳೆ. ಮರುದಿನ ಹಿಂದಿನಿಂದ ಬಂದ 4ನೇ ಸಿಖ್ ಬೋರಿ ಸೇತುವೆಯ ಆಸೆ ಬಿಟ್ಟು ಜುವಾರಿ ನದಿ ದಾಟಿ, ಎದೆಮಟ್ಟದ ತೊರೆಯೊಂದರಲ್ಲಿ ನಡೆದು, ರಾಯ ಎಂಬ ಹಳ್ಳಿ ಮುಟ್ಟಿ ಮಡಗಾಂವದ ದಾರಿ ಹಿಡಿಯಿತು.

ಅತ್ತ ‘ನೆರವಿನ’ ಪ್ಯಾರಾ ಬ್ರಿಗೇಡಿನ ಪಶ್ಚಿಮದ ಸಾಲು ಅದೇ ದಿನ ಸಂಜೆ ಐದಕ್ಕೆ ಬೇತಿಗೆ ಬಂದು ಮಾಂಡವಿಯ ದಡದಲ್ಲಿ ನಿಂತುಬಿಟ್ಟಿತು. ಆಚೆ ದಡದಲ್ಲಿ ಪಣಜಿ. ನಡುವೆ ಸುಮಾರು 500 ಮೀಟರು ನೀರು. ದಾಟಲು ಅಪ್ಪಣೆ ಬಂದಿರಲಿಲ್ಲ, ಬಂದೀತೆಂದು ಯಾರೂ ಮೊದಲೇ ಯೋಚಿಸಿರಲೂ ಇಲ್ಲ. ರಾತ್ರಿ ಅಲ್ಲೇ ತಂಗಿ ಮರುದಿನ ಬೆಳಿಗ್ಗೆ ಹೊಳೆ ದಾಟಿ ಪಣಜಿ ಹೊಕ್ಕರು. ನನ್ನ ಅಭಿಪ್ರಾಯವಿಷ್ಟು: ಖಾಂಡೇಪಾರ, ಬೋರಿ, ಬಾಣಸ್ತಾರಿಗಳಲ್ಲಿ ಬೆಳಗಿನ ಜಾವ ಒಂದೊಂದು ತುಕಡಿ ಆಕಾಶದಿಂದ ಇಳಿದಿದ್ದರೆ ಮುಖ್ಯ ಹೊಡೆತ ಹೆಸರಿಗೆ ತಕ್ಕಂತೆ ನಡೆಯುತ್ತಿತ್ತು. ಆದರೆ ಹಾಗೆ ಇಳಿದವರು ಅಡಿಕೆ ತೋಟ, ತೆಂಗು, ಕೆಸರುಗದ್ದೆ, ಸಾಲುಮನೆಗಳ ನಡುವೆ ಬೀಳಬೇಕಿತ್ತು. ಒಡೆಯನನ್ನು ಓಡಿಸಲು ಹೋದವರು ಒಕ್ಕಲನ್ನು ಕೊಲ್ಲಬಾರದು ಎಂಬ ಎಚ್ಚರ ಆ ಕಾರ್ಯಾಚರಣೆಯ ಉದ್ದಕ್ಕೂ ಕಾಣುತ್ತದೆ. ಕೊಡೆ ಬಿಚ್ಚದಿದ್ದದ್ದರಿಂದ ಹೊತ್ತು ಹೋಯಿತು, ಜೀವ ಉಳಿದವು. ಆ ವಿನಿಮಯ ನನಗೆ ಒಪ್ಪಿಗೆ.

ಆಕಾಶದ ಕಥೆ ಚಿಕ್ಕದು. ಪುಣೆಯಿಂದ ಎದ್ದ 12 ಕ್ಯಾನ್‌ಬೆರಾ ಬಾಂಬರುಗಳು ವಿಂಗ್ ಕಮಾಂಡರ್ ಎನ್.ಬಿ. ಮೆನನ್ ಮುಂದಾಳ್ತನದಲ್ಲಿ ದಾಬೋಳಿಯ ಓಡುದಾರಿಯ ಮೇಲೆ 63,000 ಪೌಂಡು ಬಾಂಬು ಸುರಿದವು. ಹಿಂದೆಯೇ ವಿಂಗ್ ಕಮಾಂಡರ್ ಸುರಿಂದರ್ ಸಿಂಗ್ ಅವರ 8 ವಿಮಾನಗಳ ಎರಡನೆಯ ಸರದಿ. ಬೆಳಗಾವಿಯ ಸಾಂಬ್ರಾದಿಂದ ಹೋದ 6 ಹಂಟರುಗಳು ಬಾಂಬೋಳಿಯ ನಿಸ್ತಂತು ಕೇಂದ್ರವನ್ನು ರಾಕೆಟ್ಟಿನಿಂದ ಹೊಡೆದವು. ದಾಬೋಳಿಯಲ್ಲಿ ಓಡುದಾರಿ ಕೆಡಬೇಕು, ಕಟ್ಟಡ ಉಳಿಯಬೇಕು ಎಂಬುದು ಕಟ್ಟಪ್ಪಣೆ. ಅಲ್ಲಿ ನಿಂತಿದ್ದ ಎರಡು ನಾಗರಿಕ ವಿಮಾನಗಳು ಹೇಗೋ ಬಚಾವಾದವು. ರಾತ್ರಿ ಪೋರ್ಚುಗೀಸರು ಗುಂಡಿ ಮುಚ್ಚಿ, ಉಳಿದಷ್ಟು ಗೇಣು ದಾರಿಯಲ್ಲೇ ಅವೆರಡನ್ನೂ ಎಬ್ಬಿಸಿ ಕರಾಚಿಗೆ ಒಯ್ದರು. ಅಷ್ಟು ಬಾಂಬಿನ ಮೇಲೂ ಆ ಚಾಲಕರು ಎದ್ದುಹೋದದ್ದಕ್ಕೆ ಶಭಾಸ್ ಅನ್ನದೆ ಇರಲಾಗದು. ನಿಸ್ತಂತು ಕೇಂದ್ರ ಹೋದದ್ದೇ ದೊಡ್ಡ ಪೆಟ್ಟು. ಲಿಸ್ಬನ್ನಿಗೂ ಗೋವಾಕ್ಕೂ ನಡುವಿನ ಮಾತು ಕಡಿಯಿತು.

ನೀರಿನ ಕಥೆಗೆ ಬರೋಣ. ಧಾರವಾಡದ ಪಕ್ಕದ ನರೇಂದ್ರ ಗ್ರಾಮದಲ್ಲಿ 12ನೇ ಶತಮಾನದ ಶಾಸನವಿದೆ. ಗೋವೆಯ ಕದಂಬರ ಅರಸನೊಬ್ಬ ಹಡಗುಗಳ ಸಾಲನ್ನೇ ಲಂಕೆಯವರೆಗೆ ಸೇತುವೆಯಾಗಿ ಕಟ್ಟಿದನೆಂಬ ಹೊಗಳಿಕೆ ಅದರಲ್ಲಿ ಬರುತ್ತದೆ. ಕವಿಯ ಅತಿಶಯೋಕ್ತಿಯೇ ಸರಿ. ಆದರೆ ಸಮುದ್ರದಿಂದ ನೂರಕ್ಕೂ ಹೆಚ್ಚು ಕಿಲೋಮೀಟರು ಒಳಗಿನ ಕಲ್ಲಿನ ಮೇಲೆ ನೌಕಾಬಲದ ಮಾತು ಕೆತ್ತಿಸಬೇಕೆನಿಸಿತ್ತಲ್ಲ, ಅದು ಗಮನಿಸತಕ್ಕದ್ದು. 1961ರ ಭಾರತಕ್ಕೆ ಹಡಗುಗಳಿದ್ದವು, ಹಡಗಿನಿಂದ ದಡಕ್ಕೆ ಇಳಿದು ಹೊಡೆದಾಡುವುದಕ್ಕೆಂದೇ ತಯಾರಾದ ಮರೀನ್ ದಳ ಇರಲಿಲ್ಲ. ಅಂಜದೀವದ ಮೇಲೆ ಇಳಿಯಬೇಕಾಗಿ ಬಂದಾಗ ಹಡಗಿನ ನಾವಿಕರಲ್ಲೇ ಆಯ್ದು ತಂಡ ಕಟ್ಟಿದರು. ಬೆಂಬಲಕ್ಕೆ ಐಎನ್‌ಎಸ್ ತ್ರಿಶೂಲ್, ಜೊತೆಗೆ ನಮ್ಮ ರಾಜ್ಯದ ಅಂದಿನ ಹೆಸರನ್ನೇ ಹೊತ್ತ ಐಎನ್‌ಎಸ್ ಮೈಸೂರು. ಈ ‘ಮೈಸೂರು’ ಮೊದಲು ಬ್ರಿಟಿಷರ ‘ನೈಜೀರಿಯಾ’ ಆಗಿ ಎರಡನೆಯ ಮಹಾಯುದ್ಧ ಕಂಡು, 1957ರಲ್ಲಿ ಭಾರತಕ್ಕೆ ಬಂದ ಕ್ರೂಸರ್. ಆರು ಇಂಚಿನ ಒಂಬತ್ತು ತೋಪು ಅದರ ಮೇಲೆ.

ದ್ವೀಪ ಒಂದೂವರೆ ಕಿಲೋಮೀಟರು ಉದ್ದ, ಅಗಲ ಒಂದು ಹೊಲದಷ್ಟು. ವಾಸ್ಕೊ ಡ ಗಾಮ 1498ರಲ್ಲಿ ತಂಗಿದ್ದ ಜಾಗ. 1505ರಲ್ಲಿ ಪೋರ್ಚುಗೀಸ್ ವೈಸರಾಯ್ ಅಲ್ಮೇಡ ಕೋಟೆ ಕಟ್ಟಿಸಿದ. ಕೋಟೆಯ ಗೋಡೆ, ಬ್ರೊಟಾಸ್ ಮಾತೆಯ ಇಗರ್ಜಿ, ಕಪ್ಪು ಬಂಡೆ, ಕುರುಚಲು. ಮೊದಲ ದೋಣಿಗಳಲ್ಲಿ ಲೆಫ್ಟಿನೆಂಟ್ ಅರುಣ್ ಆಡಿಟ್ಟೊ ಅವರ ತಂಡ ಇಳಿದಾಗ ದ್ವೀಪ ಸುಮ್ಮನಿತ್ತು. ಎನ್. ಕೆಲ್ಮನ್ ಅವರಿದ್ದ ಎರಡನೆಯ ಅಲೆ ದಡ ಮುಟ್ಟುವಷ್ಟರಲ್ಲಿ ಬಂಡೆಗಳ ಸಂದಿಯಿಂದ ಮೆಷಿನ್‌ಗನ್ ಶುರುವಾಯಿತು. ದೋಣಿಯಲ್ಲಿ ಕೂತವನಿಗೆ ಮರೆಯೆಂಬುದಿಲ್ಲ. ನೀರಿಗೆ ಹಾರಿದರೆ ಬಂದೂಕು ತೊಯ್ಯುತ್ತದೆ, ಕೂತರೆ ಗುರಿಯಾಗುತ್ತಾನೆ. ದ್ವೀಪದವರು ಬಿಳಿ ಬಾವುಟ ತೋರಿಸಿ ಮೋಸ ಮಾಡಿದರೆಂದು ನೌಕಾಪಡೆಯ ಕಥನಗಳು ಹೇಳುತ್ತವೆ. ಕೊನೆಗೆ ಹಡಗಿನ ತೋಪುಗಳೇ ಬಂಡೆಗಳಿಗೆ ಉತ್ತರ ಕೊಡಬೇಕಾಯಿತು. ಏಳು ನಾವಿಕರು ಸತ್ತರು, ಹತ್ತೊಂಬತ್ತು ಮಂದಿ ಗಾಯಗೊಂಡರು, ಗಾಯಾಳುಗಳಲ್ಲಿ ಅಧಿಕಾರಿಗಳೂ ಇದ್ದರು.

ಇಳಿದ ವೇಳೆಯ ಬಗ್ಗೆ ಬರಹಗಳಲ್ಲಿ ತಕರಾರಿದೆ. ನೌಕಾಪಡೆಯ ಕಡೆಯ ಬರಹಗಳು ಬೆಳಿಗ್ಗೆ ಏಳೂಕಾಲರ ಸುಮಾರು ಎಂದರೆ, ಮತ್ತೆ ಕೆಲವು ಮಧ್ಯಾಹ್ನ 2:25 ಎನ್ನುತ್ತವೆ. ಮಧ್ಯಾಹ್ನದ ಲೆಕ್ಕ ನನಗೆ ಸರಿಕಾಣುವುದಿಲ್ಲ. ಹೊತ್ತೇರಿದ ಮೇಲೆ, ಬಿಸಿಲಿನಲ್ಲಿ, ಬಂಡೆಯ ಮೇಲಿನವನಿಗೆ ಕಣ್ಣು ತುಂಬ ಕಾಣುವಂತೆ ದೋಣಿ ಇಳಿಸುವವರು ಯಾರು? ಯಾವುದೋ ಹಂತದ ವರದಿಯ ಗಂಟೆ ಮುಂದೆ ಇಳಿದ ಗಂಟೆಯಾಗಿ ಪ್ರತಿಯಿಂದ ಪ್ರತಿಗೆ ಹರಿದಿರಬೇಕು. ಶಾಸನ ಓದುವವರಿಗೆ ಇಂಥ ಎಡವಟ್ಟು ಹೊಸದಲ್ಲ. ಇಡೀ ಕಾರ್ಯಾಚರಣೆಯಲ್ಲಿ ಸತ್ತ ಭಾರತೀಯರು 22 ಎಂಬುದು ಸರ್ಕಾರಿ ಲೆಕ್ಕ. ಆ ಲೆಕ್ಕ ಹಿಡಿದರೆ ಮೂರರಲ್ಲಿ ಒಂದು ಪಾಲು ಸಾವು, ಕಾರವಾರದ ದಡಕ್ಕೆ ಕಾಣುವ ಈ ಬಂಡೆಯ ಮೇಲೆಯೇ. ಸಾವಿರಾರು ಸೈನಿಕರ ದಂಡಯಾತ್ರೆಯಲ್ಲಿ ‘ಇದೇನು ಮಹಾ’ ಎಂದು ಬದಿಗಿಟ್ಟ ಸಾಲು ಅದು.

ಇನ್ನುಳಿದದ್ದನ್ನು ಬೇಗ ಹೇಳಬಹುದು. ಕಾರವಾರದ ಉತ್ತರಕ್ಕೆ ಮಾಜಾಳಿಯಿಂದ 4ನೇ ರಜಪೂತದ ಒಂದು ಕಂಪನಿ ಗಡಿ ದಾಟಿತು. ದಕ್ಷಿಣದಿಂದಲೂ ದೊಡ್ಡ ದಂಡು ಬರುತ್ತಿದೆಯೆಂದು ವೈರಿಗೆ ಭ್ರಮೆ ಹುಟ್ಟಿಸುವುದಷ್ಟೇ ಅದರ ಕೆಲಸ. ಮಧ್ಯಾಹ್ನ ಹನ್ನೆರಡಕ್ಕೆ ಐಎನ್‌ಎಸ್ ಬೇತ್ವಾ, ಬಿಯಾಸ್ ಮರ್ಮಗೋವಾ ಬಂದರಿನ ಬಾಯಿಗೆ ಬಂದವು. ಒಳಗಿದ್ದದ್ದು 1930ರ ದಶಕದ ಮುದಿ ಹಡಗು ‘ಅಫೊನ್ಸೊ ದ ಅಲ್ಬುಕರ್ಕ್’. 1510ರ ನವೆಂಬರ್ 25ರಂದು ಬಿಜಾಪುರದವರಿಂದ ಗೋವಾ ಕಸಿದುಕೊಂಡವನ ಹೆಸರನ್ನೇ ಅದಕ್ಕೆ ಇಟ್ಟಿದ್ದರು. ಸುಮಾರು ಒಂದು ತಾಸು ತೋಪಿಗೆ ತೋಪು ಉತ್ತರಿಸಿ, ಕಪ್ತಾನ ಗಾಯಗೊಂಡ ಮೇಲೆ ಅದು ದಡಕ್ಕೇರಿ ಕೂತಿತು. ಅಣ್ಣಿಗೇರಿಯ ಅರಳೆ ಅಂಡಿಗೆಗಳು ಹಡಗು ಹತ್ತುತ್ತಿದ್ದ ನೀರು ಅದೇ.

19ರ ರಾತ್ರಿ ಎಂಟೂವರೆಗೆ ವಸ್ಸಾಲೊ ಇ ಸಿಲ್ವ ಸಾಲಜಾರನ ತಂತಿಯನ್ನು ಬದಿಗಿಟ್ಟು ಶರಣಾಗತಿಗೆ ರುಜು ಹಾಕಿದ. ತನ್ನ ಕೈಕೆಳಗಿನ ಸಾವಿರಾರು ಮಂದಿಯ ಜೀವ ಉಳಿಸಿದ ತಪ್ಪಿಗೆ ಮುಂದೆ ಸೈನ್ಯದಿಂದ ವಜಾ ಆದ, 1974ರ ಕ್ರಾಂತಿಯ ನಂತರವೇ ಅವನ ಮಾನ ಮರಳಿ ಬಂತು. ಅಂಜದೀವ ಮಾತ್ರ ಆಗಲೂ ಪೂರ್ತಿ ತಣ್ಣಗಾಗಿರಲಿಲ್ಲ. ಬಂಡೆಗಳ ಸಂದಿಯಲ್ಲಿ ಮೂವರು ಅಡಗಿದ್ದರು. ಒಬ್ಬ 19ರಂದು ಕೈಯೆತ್ತಿದ. ಇನ್ನೊಬ್ಬ 20ರಂದು ಕೈಬಾಂಬು ಎಸೆದು ಕೆಲವರನ್ನು ಗಾಯಗೊಳಿಸಿದ ಮೇಲೆ ಸಿಕ್ಕಿಬಿದ್ದ. ಮೂರನೆಯವನು ಗೋವಾದವನೇ ಆದ ಸಾಮಾನ್ಯ ಸಿಪಾಯಿ. ಅವನು ನೀರಿಗಿಳಿದು ಈಜಿದ. ಪಶ್ಚಿಮಕ್ಕೆ ಬರೀ ಸಮುದ್ರ, ಪೂರ್ವಕ್ಕೆ ಕಾರವಾರದ ದಡ. ಅವನು ಪೂರ್ವಕ್ಕೇ ಈಜಬೇಕಿತ್ತು. 22ರಂದು ಈ ದಡದಲ್ಲಿ ಅವನನ್ನು ಹಿಡಿದರು. ಭಾರತದಲ್ಲಿ ಸೆರೆಸಿಕ್ಕ ಕಟ್ಟಕಡೆಯ ಪೋರ್ಚುಗೀಸ್ ಸೈನಿಕ ಅವನೇ.