ಹೂಮಳೆಗೆ ಕಾದ ಬೀದಿ

ಚಂದ್ರದ್ರೋಣ ಪರ್ವತಶ್ರೇಣಿಯ ಅಡಿಯಲ್ಲಿ ನೆಲೆಸಿರುವ ಚಿಕ್ಕಮಗಳೂರು, ಜಿಲ್ಲೆಗೆ ಕಡೂರಿನ ಹೆಸರೇ ಇದ್ದ 1947ಕ್ಕೆ ಹಿಂದಿನ ಕಾಲದಲ್ಲಿಯೇ ಜಿಲ್ಲೆಯ ಕೇಂದ್ರವಾಗಿದ್ದಿತು. ಆದರೆ ಅದಕ್ಕೆ ಪಟ್ಟಣದ ಸಂಪತ್ತನ್ನೂ ಸಡಗರವನ್ನೂ ತಂದುಕೊಟ್ಟದ್ದು ಕಾಫಿ. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಅವರು ಯೆಮೆನ್ನಿನಿಂದ ಏಳು ಬೀಜಗಳನ್ನು ತಂದು ಈ ಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ಪರದೇಶದಲ್ಲಿ ಬೆಳೆಯುತ್ತಿರುವ ನಿಮ್ಮ ಮಕ್ಕಳೂ ಕೇಳಿರಬಹುದು. ತೋಟಗಳ ಚರಿತ್ರೆಯನ್ನು ಬರೆದವರು ಅನೇಕರಿದ್ದಾರೆ. ಆ ತೋಟಗಳನ್ನೇ ನಂಬಿ, ಒಂದು ಗಿಡವನ್ನೂ ತಮ್ಮದೆನ್ನಲಾಗದೆ, ಕೆಳಗೆ ಬಸವನಹಳ್ಳಿಯ ಹೆಂಚಿನ ಮನೆಗಳಲ್ಲಿ ಬಾಳಿದವರನ್ನು ಕುರಿತು ನಾಲ್ಕು ಮಾತು ಹೇಳಬೇಕೆಂಬುದು ನನ್ನ ಬಹುದಿನದ ಅಭಿಲಾಷೆ.

ನಮ್ಮ ಬೀದಿಯಲ್ಲಿ, ಮಕ್ಕಳ ವಿದ್ಯಾಭ್ಯಾಸಕ್ಕೆಂದು ಸಂಸಾರವನ್ನು ಪಟ್ಟಣದಲ್ಲಿರಿಸಿ ತಾವು ತೋಟದಲ್ಲಿಯೇ ಉಳಿದು ಲೆಕ್ಕ ಬರೆಯುತ್ತಿದ್ದ ರೈಟರುಗಳ ಮನೆಗಳಿದ್ದವು. ಉಡುಪಿಯ ಕಡೆಯಿಂದ ಬಂದ ಹೋಟೆಲಿನ ಅಡಿಗೆಯವರು, ಕೊಂಕಣಿ ಮಾತಾಡುವ ದಿನಸಿ ಅಂಗಡಿಯವರು, ಮೆಣಸು ಏಲಕ್ಕಿಗಳ ವ್ಯಾಪಾರ ಮಾಡುವ ಬ್ಯಾರಿಗಳು, ತಮಿಳಿನ ಲಾರಿ ಚಾಲಕರು, ಉರ್ದು ಮನೆಮಾತಿನ ದರ್ಜಿಯವರು, ಇವರೆಲ್ಲರ ನಡುವೆ ಕಾಫಿಯನ್ನು ಹದಗೊಳಿಸುವ ಕ್ಯೂರಿಂಗ್ ವರ್ಕ್ಸಿಗೆ ಬೀಜ ಆರಿಸಲು ಹೋಗುತ್ತಿದ್ದ ಹೆಂಗಸರು ಇದ್ದರು. ಒಳಮನೆಯ ಭಾಷೆ ಯಾವುದೇ ಆಗಿರಲಿ, ಜಗಲಿಗೆ ಬಂದೊಡನೆ ಕನ್ನಡ. ದರ್ಜಿಯವರ ಹೆಂಡತಿ ನಮಗೆಲ್ಲ ಚಿಕ್ಕಮ್ಮ, ಅಂಗಡಿಯವರು ಮಾಮ. ಯಾರ ಮನೆಯ ಮಗು ತಪ್ಪು ಮಾಡಿದರೂ ಗದರುವ ಅಧಿಕಾರ ಬೀದಿಯ ಹಿರಿಯರೆಲ್ಲರಿಗೂ ಇದ್ದಿತು.

ಬೀಜ ಆರಿಸುವ ಕೆಲಸವೆಂದರೆ ರಾಶಿಯ ಮುಂದೆ ಸಾಲಾಗಿ ಕುಳಿತು ಕಪ್ಪು ಬೀಜ, ಒಡಕು ಬೀಜಗಳನ್ನು ಬೆರಳಿನಿಂದ ಬೇರ್ಪಡಿಸುವುದು. ಸಂಜೆ ಹಿಂದಿರುಗಿದ ಆ ತಾಯಂದಿರ ಸೆರಗಿನಲ್ಲಿ ಹಸಿ ಕಾಫಿಯ ಒಗರು ವಾಸನೆಯಿರುತ್ತಿತ್ತು. ಎರಡು ಹೋಳಾಗದೆ ಒಂಟಿಯಾಗಿ ಬೆಳೆದ ಗುಂಡುಬೀಜಕ್ಕೆ ಪಿ.ಬಿ. (ಪೀಬೆರಿ) ಎನ್ನುವರೆಂದು ನಾವು ಮಗ್ಗಿ ಕಲಿಯುವ ಮೊದಲೇ ಅವರ ಬಾಯಿಂದ ಕಲಿತಿದ್ದೆವು.

ಬೀಜ ಪರದೇಶಕ್ಕೆ ಹೋದರೆ ಅದರ ಹೊಟ್ಟು ನಮ್ಮ ಬೀದಿಗೆ ಬರುತ್ತಿತ್ತು. ಬಚ್ಚಲ ಹಂಡೆಗೆ ಹೊಟ್ಟಿನ ಒಲೆ ಹೂಡುವುದು ಮಕ್ಕಳ ಪಾಲಿನ ಕೆಲಸ. ತಳದ ಪಕ್ಕದಲ್ಲಿ ತೂತು ಕೊರೆದ ತಗಡಿನ ಡಬ್ಬದೊಳಗೆ ನಟ್ಟನಡುವೆ ಒಂದು ದೊಣ್ಣೆಯನ್ನು ನೆಟ್ಟಗೆ ನಿಲ್ಲಿಸಿ, ತೂತಿನ ಮೂಲಕ ಮತ್ತೊಂದನ್ನು ಅದಕ್ಕೆ ತಾಗುವಂತೆ ಅಡ್ಡಲಾಗಿ ತೂರಿಸಿ, ಸುತ್ತಲೂ ಹೊಟ್ಟನ್ನು ಹಿಡಿಹಿಡಿಯಾಗಿ ಸುರಿದು ಗಟ್ಟಿಯಾಗಿ ಒತ್ತಿ, ಕಡೆಯಲ್ಲಿ ಎರಡು ದೊಣ್ಣೆಗಳನ್ನೂ ಮೆಲ್ಲನೆ ತಿರುಗಿಸುತ್ತ ಹೊರಗೆಳೆಯಬೇಕು. ಕೈ ನಡುಗಿದರೆ ಹೊಟ್ಟು ಕುಸಿದು ಮೊದಲಿನಿಂದ ಹೂಡಬೇಕಾಗುತ್ತಿತ್ತು; ಸರಿಯಾಗಿ ಹೂಡಿದ ಒಲೆ ಗಂಟೆಗಟ್ಟಲೆ ನಿಗಿನಿಗಿ ಉರಿದು, ಆಷಾಢದ ಚಳಿಯಲ್ಲಿ ಒಂದು ಮನೆಯ ಹಂಡೆಯಿಂದ ಪಕ್ಕದ ಮನೆಯ ಬಾಣಂತಿಗೂ ನೀರು ಒದಗುತ್ತಿತ್ತು. ಇದನ್ನು ಉಪಕಾರವೆಂದು ಯಾರೂ ಎಣಿಸುತ್ತಿರಲಿಲ್ಲ.

ಮೂಡಿಗೆರೆ, ಕಳಸಗಳಲ್ಲಿ ಹಗಲಿರುಳು ಸುರಿಯುವ ಮಳೆ ನಮ್ಮ ಪಟ್ಟಣವನ್ನು ಮುಟ್ಟುವ ವೇಳೆಗೆ ಬಹುಮಟ್ಟಿಗೆ ಇಳಿದಿರುತ್ತದೆ. ಆದರೂ ಘಟ್ಟದ ಮಳೆಯ ಲೆಕ್ಕ ನಮ್ಮ ಬೀದಿಗೆ ತಪ್ಪದೆ ತಲುಪುತ್ತಿತ್ತು. ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ ಹೂಮಳೆ ಬಿದ್ದರೆ ಸುಮಾರು ಹತ್ತು ದಿನಕ್ಕೆ ಗಿಡಗಳು ಬೆಳ್ಳಗೆ ಅರಳುತ್ತವೆ. ಮತ್ತೆ ಕೆಲವು ವಾರಗಳಲ್ಲಿ ಬ್ಯಾಕಿಂಗ್ ಮಳೆ ಬಾರದಿದ್ದರೆ ಕಟ್ಟಿದ ಕಾಯಿ ನಿಲ್ಲುವುದಿಲ್ಲ. ಕಳಸದ ಬಸ್ಸು ಬಂದು ನಿಂತೊಡನೆ ಕಂಡಕ್ಟರನ್ನು ಮುತ್ತಿ, "ಬಿತ್ತೇನಪ್ಪಾ?" ಎಂದು ಕೇಳುತ್ತಿದ್ದರು. "ಒಂದಿಂಚು ಇಪ್ಪತ್ತು ಸೆಂಟು ಬಿತ್ತು, ಅಣ್ಣಾ" ಎಂಬ ಉತ್ತರ ಆತನ ಬಾಯಿಂದ ಹೊರಟರೆ ಅಂಗಡಿಯ ಮಾಮನ ಮುಖವೂ ಅರಳುತ್ತಿತ್ತು, ಏಕೆಂದರೆ ತೋಟಕ್ಕೆ ಬೆಳೆ ಬಂದರೆ ರೈಟರಿಗೆ ಬೋನಸ್ಸು, ಲಾರಿಗೆ ಬಾಡಿಗೆ, ಹೆಂಗಸರಿಗೆ ಕೂಲಿ, ಮಾಮನ ಉದ್ರಿ ಪುಸ್ತಕಕ್ಕೆ ಜಮೆ.

ಈ ಕಾಯುವಿಕೆಗೆ ಇನ್ನೊಂದು ಕಾರಣವೂ ಇದ್ದಿತು. ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಮಾರುಕಟ್ಟೆ ಕೈತಪ್ಪಿದಾಗ, 1942ರ ಕಾಫಿ ಕಾಯಿದೆಯಂತೆ ಬೆಳೆಗಾರರು ತಮ್ಮ ಬೆಳೆಯನ್ನು ಕಾಫಿ ಬೋರ್ಡಿನ ಪೂಲಿಗೆ, ಎಂದರೆ ಸಾಮೂಹಿಕ ಸಂಗ್ರಹಕ್ಕೆ, ಒಪ್ಪಿಸಬೇಕಾಯಿತು. ಮಾರಾಟವಾದ ಹಾಗೆ ಬೋರ್ಡು ಕಂತುಕಂತಾಗಿ ಹಣ ಕೊಡುತ್ತಿತ್ತು. ಯುದ್ಧ ಮುಗಿದರೂ ಪೂಲು ಮುಗಿಯಲಿಲ್ಲ. ಕಂತು ಬಿಡುಗಡೆಯಾಯಿತೆಂಬ ಸುದ್ದಿ ಬಂದ ವಾರ ಬುಧವಾರದ ಸಂತೆಯಲ್ಲಿ ಕಾಲಿಡಲು ತೆರವಿರುತ್ತಿರಲಿಲ್ಲ. ಬಾರದ ತಿಂಗಳುಗಳಲ್ಲಿ ಬೀದಿಯೇ ಒಂದು ಕುಟುಂಬವಾಗಿ ಅಕ್ಕಿಯನ್ನೂ ಶಾಲೆಯ ಪುಸ್ತಕಗಳನ್ನೂ ಹಂಚಿಕೊಂಡಿತು. ನಮ್ಮ ಸ್ನೇಹಕ್ಕೆ ಮೂಲ ಸದ್ಗುಣ ಮಾತ್ರವೇ ಎಂದರೆ ಪೂರ್ಣ ಸತ್ಯವಾಗದು. ಎಲ್ಲರೂ ಒಂದೇ ಮಳೆಗೆ, ಒಂದೇ ಕಂತಿಗೆ ಕಾದಿರುತ್ತಿದ್ದೆವು ಎಂಬುದು ಅದರ ಬುನಾದಿ.

1978ರ ನವೆಂಬರಿನ ಲೋಕಸಭಾ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರು ಇಲ್ಲಿ ಸ್ಪರ್ಧಿಸಿ ಗೆದ್ದಾಗ ಊರಿನ ಹೆಸರು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಮೊಳಗಿತು. ಬೀದಿಯವರಿಗಾದರೋ ಆಗತಾನೆ ತೊಡಗಿದ್ದ ಅರೇಬಿಕಾ ಕೊಯ್ಲಿನ ಮಾತೇ ಮಿಗಿಲಾಗಿತ್ತು.

ತೊಂಬತ್ತರ ದಶಕದಲ್ಲಿ ಪೂಲಿನ ಕಟ್ಟು ಹಂತಹಂತವಾಗಿ ಸಡಿಲಿ, 1996ರಲ್ಲಿ ಪೂರ್ಣವಾಗಿ ಬಿಚ್ಚಿತು. ತಮ್ಮ ಬೆಳೆಯನ್ನು ತಾವೇ ಮಾರಬೇಕೆಂದ ಬೆಳೆಗಾರರ ಬೇಡಿಕೆ ನ್ಯಾಯವಾದುದೇ. ಆದರೆ ಅಂದಿನಿಂದ ಬೀದಿಗೆಲ್ಲ ಸಮಾನವಾದ ಒಂದು ಕಂತಿನ ದಿನವೆಂಬುದು ಉಳಿಯಲಿಲ್ಲ. ಅಷ್ಟರಲ್ಲಿ ಅಡಿಗೆಮನೆಗೆ ಗ್ಯಾಸ್ ಬಂದಿತ್ತು, ಹೆಂಚಿನ ಮಾಡುಗಳು ತಾರಸಿಯಾಗತೊಡಗಿದ್ದವು, ಮಕ್ಕಳು ಬೆಂಗಳೂರಿಗೂ ಅಲ್ಲಿಂದಾಚೆಗೂ ಹೊರಟಿದ್ದರು. 2013ರಲ್ಲಿ ಕಡೂರಿನಿಂದ ಊರಿಗೆ ರೈಲು ಬರುವ ವೇಳೆಗೆ ಜಗಲಿಗಳು ಬಹುತೇಕ ಅಳಿದಿದ್ದವು.

ಈ ಸಂಚಿಕೆಯನ್ನು ಓದುವವರಲ್ಲಿ ಅಂಥ ಬೀದಿಯ ಮಕ್ಕಳು ಇದ್ದೇ ಇರುತ್ತೀರಿ. ತೋಟದ ದೊರೆಗಳ ಹೆಸರುಗಳು ದಾಖಲೆಗಳಲ್ಲಿ ಭದ್ರವಾಗಿವೆ. ಬೀಜ ಆರಿಸಿದ ತಾಯಂದಿರ ಹೆಸರುಗಳು ನಿಮ್ಮ ಮನೆಯ ಹಿರಿಯರ ನೆನಪಿನಲ್ಲಿ ಮಾತ್ರ ಇವೆ. ಮುಂದಿನ ಸಲ ದೂರವಾಣಿಯಲ್ಲಿ ಮಾತನಾಡುವಾಗ ಅವರನ್ನು ಕೇಳಿ, ಹೇಳಿದುದನ್ನು ಬರೆದಿಟ್ಟುಕೊಳ್ಳಿ.